ಮೊದಲ ಪುಟ ಬಲಗಡೆ

ನಮ್ಮವರು ಮಾತು ಕಳೆದುಕೊಂಡ ಐವತ್ತೆರಡನೆಯ ದಿನ ನಾನು ಅವರಿಗಾಗಿ ಒಂದು ಪುಸ್ತಕ ಮಾಡಿದೆ. ಇಪ್ಪತ್ತು ಪದ, ನಲವತ್ತು ಪುಟ. ಇಪ್ಪತ್ತಾರು ವರ್ಷ ಊರವರ ಪುಸ್ತಕಗಳಿಗೆಲ್ಲ ಪುಟ ಕಟ್ಟಿಕೊಟ್ಟವಳು ನಾನು. ಪಿಎಚ್‌ಡಿ ಪ್ರಬಂಧ, ಸಂಘದ ವರದಿ, ನಿವೃತ್ತರ ಕವನ ಸಂಕಲನ, ಏನು ತಂದುಕೊಟ್ಟರೂ ನಮ್ಮ ಮನೆಯ ಮುಂದಿನ ಕೋಣೆಯಿಂದ ಅದು ಪುಸ್ತಕದ ಅಂದ ಪಡೆದೇ ಹೊರಡುತ್ತಿತ್ತು. ಜೀವನದಲ್ಲಿ ಒಂದೇ ಒಂದು ಪುಸ್ತಕ ಸರಿಯಾಗಬೇಕಿತ್ತು ಎಂದರೆ ಅದು ಇದು. ಇದನ್ನೇ ಕೆಡಿಸಿದೆ.

ನನ್ನದು ಮೂಗಿನ ತುದಿಯ ಕೋಪ, ಮೊದಲೇ ಹೇಳಿಬಿಡುತ್ತೇನೆ. ಅವರದು ಅಷ್ಟೇ ತಣ್ಣಗಿನ ಸ್ವಭಾವ. ನಾನು ಕಂಪ್ಯೂಟರಿನ ಮುಂದೆ ಕೂತರೆ ಅವರು ಪಕ್ಕದ ಮೇಜಿನಲ್ಲಿ ಕೂತು ಪ್ರೂಫ್ ನೋಡುತ್ತಿದ್ದರು. ಗಿರಾಕಿಗಳು ಅವರಿಗೆ 'ಕೆಂಪು ಪೆನ್ನು' ಎಂದೇ ಹೆಸರಿಟ್ಟಿದ್ದರು. ಟೈಪ್ ಮಾಡುವುದು ನನ್ನ ಕೆಲಸ, ತಪ್ಪು ಹುಡುಕುವುದು ಅವರ ಕೆಲಸ. ಈ ಪಾಲು ಎಷ್ಟು ಗಟ್ಟಿಯಾಗಿ ಹೋಗಿತ್ತೆಂದರೆ, ನಾನು ಮಾಡಿದ್ದನ್ನು ನಾನೇ ಒಂದು ಸಲ ಓದಿ ನೋಡುವ ಅಭ್ಯಾಸವೇ ನನಗೆ ಬರಲಿಲ್ಲ. ಇವರಿದ್ದಾರಲ್ಲ, ನೋಡಿಕೊಳ್ಳುತ್ತಾರೆ ಎನ್ನುವ ಧೈರ್ಯ.

ಪ್ರೂಫ್ ತಿದ್ದುವ ಗುರುತುಗಳಿಗೆ ನಾವಿಬ್ಬರೂ ಮನೆಯ ಹೆಸರು ಇಟ್ಟುಕೊಂಡಿದ್ದೆವು. ಇದು ಅಲ್ಲಿಗೆ ಹೋಗಬೇಕು, ಅದು ಇಲ್ಲಿಗೆ ಬರಬೇಕು ಎಂದು ಎರಡರ ನಡುವೆ ಬಳುಕಿಸಿ ಎಳೆಯುವ ಗೆರೆಗೆ ಹಾವು. ಬೇಡವಾದದ್ದರ ಮೇಲೆ ಗೆರೆ ಎಳೆದು ತುದಿಯಲ್ಲಿ ಸುತ್ತುವ ಸುರುಳಿಗೆ ಬಾಲ. ಬಾಲ ಹಾಕಿದರೆ ಅದು ವಜಾ. ಕ್ರಮೇಣ ಇವು ಹಾಳೆಯಿಂದ ಸಂಸಾರಕ್ಕೂ ಇಳಿದವು. ಜಗಳದಲ್ಲಿ ನನ್ನ ಬಾಯಿಂದ ಏನಾದರೂ ಹರಿತವಾದದ್ದು ಬಿದ್ದರೆ ಅವರು ಎದುರು ಮಾತಾಡುತ್ತಿರಲಿಲ್ಲ. ತೋರುಬೆರಳೆತ್ತಿ ಗಾಳಿಯಲ್ಲಿ ಒಂದು ಬಾಲ ಎಳೆಯುತ್ತಿದ್ದರು. ಅಲ್ಲಿಗೆ ಆ ಮಾತು ಆಡಿಯೇ ಇಲ್ಲ ಎಂದಾಗುತ್ತಿತ್ತು. ನನಗೆ ನಗದೆ ಬೇರೆ ದಾರಿ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಚ್ಚಲುಮನೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದವರು ಅರ್ಧ ಕೆನ್ನೆಯ ನೊರೆಯೊಂದಿಗೆ ಕುಸಿದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಬಲಗಡೆಯ ಕೈಕಾಲು ಬಿದ್ದುಹೋದವು, ಜತೆಗೆ ಮಾತೂ. 'ಆ' ಎನ್ನುವ ಒಂದು ಸ್ವರ ಮಾತ್ರ ಉಳಿಯಿತು. ನೀರಿಗೂ ಆ, ನೋವಿಗೂ ಆ.

ಆಸ್ಪತ್ರೆಯವರು ಮಾತು ಕಲಿಸುವ ಕೇಂದ್ರವೊಂದಕ್ಕೆ ಕಳಿಸಿದರು. ಅಲ್ಲಿದ್ದವಳು ನನ್ನ ಅರ್ಧ ವಯಸ್ಸಿನ ಹೆಣ್ಣುಮಗಳು, ನಾವು ಮಾತಿನ ಟೀಚರ್ ಎನ್ನುತ್ತಿದ್ದೆವು. ಅವಳಲ್ಲಿ ಇದ್ದದ್ದು ಆರೇ ಜನಕ್ಕೆ ಜಾಗ. ಅವಳ ಚಿತ್ರದ ಕಾರ್ಡುಗಳನ್ನು ಮುಂದೆ ಹಿಡಿದರೆ ನಮ್ಮವರು ಕಣ್ಣು ಮುಚ್ಚಿಕೊಂಡರು.

"ಅಮ್ಮ, ಇವರಿಗೆ ಅರ್ಥ ಆಗ್ತಿದೆಯೋ ಇಲ್ವೋ ಅಂತ ಮೊದ್ಲು ಗೊತ್ತಾಗ್ಬೇಕು" ಎಂದಳು ಟೀಚರ್. "ಅರ್ಥ ಆಗ್ತಿದ್ರೆ ಮಾತು ತರೋಕೆ ಏನಾದ್ರೂ ದಾರಿ ಇರುತ್ತೆ. ಆಗ್ದೇ ಇದ್ರೆ ನಾನು ಗೋಡೆಗೆ ಪಾಠ ಹೇಳಿದ ಹಾಗೆ. ಮೊದಲ ಆರು ತಿಂಗಳೇ ಮುಖ್ಯ. ಒಂದು ಜಾಗ ನಿಮಗೋಸ್ಕರ ಹಿಡಿದಿಟ್ಟಿರ್ತೀನಿ. ನಿಮ್ಮ ಮನೆ ಸಾಮಾನಿನದ್ದೇ ಒಂದು ಪುಸ್ತಕ ಮಾಡಿ. ಎಡಗಡೆ ಫೋಟೋ, ಬಲಗಡೆ ಹೆಸರು. ಹತ್ತು ದಿನ ತೋರಿಸಿ, ಈ ಹಾಳೇಲಿ ಬರ್ಕೊಂಡು ಬನ್ನಿ."

ತೋರಿಸುವುದಕ್ಕೆ ಕಟ್ಟುನಿಟ್ಟಾದ ಕ್ರಮವಿತ್ತು. ಎದುರು ಕೂತು ಪುಸ್ತಕವನ್ನು ಅವರ ಕಡೆ ತೆರೆದು ಹಿಡಿಯಬೇಕು. ನಾನು ಪುಟ ನೋಡುವ ಹಾಗಿಲ್ಲ, ಅವರ ಮುಖ ನೋಡಬೇಕು. "ಮನೆಯವ್ರು ಕಣ್ಣಲ್ಲೇ ಉತ್ತರ ಹೇಳ್ಕೊಟ್ಬಿಡ್ತಾರೆ" ಎಂದು ಅವಳ ದೂರು. ನಾನು ಒಂದು ವಸ್ತುವಿನ ಹೆಸರು ಹೇಳಿದಾಗ ಅವರು ಮೊದಲು ಚಿತ್ರ ಮುಟ್ಟಬೇಕು, ಆಮೇಲೆ ಪದ ಮುಟ್ಟಬೇಕು. ಎರಡೂ ಸರಿಯಾದರೆ ಒಂದು ಅಂಕ. ಮುಗಿಯುವ ತನಕ ಪುಟ ತಿರುಗಿಸಲು ಬಿಡಬಾರದು.

ಮನೆಗೆ ಬಂದವಳೇ ಮೊಬೈಲು ಹಿಡಿದು ಮನೆಯನ್ನೆಲ್ಲ ಫೋಟೋ ತೆಗೆದೆ. ಲೋಟ, ಬೀಗ, ಕನ್ನಡಕ, ಕುರ್ಚಿ, ಛತ್ರಿ, ಅವರ ಕೆಂಪು ಪೆನ್ನು. ಕೊನೆಯ ಫೋಟೋ ನನ್ನದೇ. ಅದರ ಪದ ಏನು ಬರೆಯಲಿ ಎಂದು ಕೈ ತಡೆಯಿತು. 'ಹೆಂಡತಿ' ಎಂದು ಟೈಪ್ ಮಾಡಿದೆ. ಇಪ್ಪತ್ತಾರು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕರೆದದ್ದಿಲ್ಲ, 'ಏ, ನೋಡಿಲ್ಲಿ' ಎನ್ನುವುದೇ ನನ್ನ ಹೆಸರು. ಆದರೆ ಅದನ್ನು ಪುಸ್ತಕದಲ್ಲಿ ಹಾಕಲಾಗುತ್ತದೆಯೇ?

ಕಂಪ್ಯೂಟರಿನಲ್ಲಿ ಜೋಡಿ ಪುಟ ನೋಡಲು ಎರಡು ಬಗೆ. ಒಂದು, ಸುಮ್ಮನೆ ಎರಡೆರಡು ಪುಟ ಅಕ್ಕಪಕ್ಕ. ಇನ್ನೊಂದು, ಪುಸ್ತಕದ ಹಾಗೆ. ಪುಸ್ತಕದ ಹಾಗೆ ನೋಡಿದರೆ ಮೊದಲ ಪುಟ ಒಂಟಿಯಾಗಿ ಬಲಗಡೆ ನಿಲ್ಲುತ್ತದೆ. ಯಾವ ಪುಸ್ತಕದ ರಟ್ಟು ತೆರೆದರೂ ಮೊದಲ ಪುಟ ಬಲಗಡೆಯೇ ತಾನೇ? ಎರಡು ಮೂರು ಎದುರುಬದುರು, ನಾಲ್ಕು ಐದು ಎದುರುಬದುರು. ಇದನ್ನು ಎಷ್ಟು ಗಿರಾಕಿಗಳಿಗೆ ಗಂಟಲು ಹರಿದುಕೊಂಡು ಹೇಳಿದ್ದೇನೋ! ನಾನೂ ಹಾಗೆಯೇ ಶುರು ಮಾಡಿದ್ದೆ. ಮೊದಲ ಪುಟದಲ್ಲಿ ದೊಡ್ಡದಾಗಿ 'ನಮ್ಮ ಮನೆ' ಎಂದು ಹೆಸರು, ಆಮೇಲೆ ಎಡಕ್ಕೆ ಲೋಟ, ಬಲಕ್ಕೆ 'ಲೋಟ' ಎಂಬ ಪದ, ಹೀಗೆ ಜೋಡಿ ಜೋಡಿ.

ಎಲ್ಲ ಮುಗಿದು ಪ್ರೆಸ್ಸಿಗೆ ಕಳಿಸಬೇಕು ಎನ್ನುವಾಗ ಟೀಚರ್ ಫೋನ್ ಮಾಡಿದಳು. "ಅಮ್ಮ, ಹೆಸರಿನ ಪುಟ ಗಿಟ ಹಾಕ್ಬೇಡಿ. ಬೇರೆ ಅಕ್ಷರ ಇದ್ರೆ ಅವ್ರಿಗೆ ಗಲಿಬಿಲಿ ಆಗುತ್ತೆ." ಸರಿ, ತೆಗೆದೆ. ತೆಗೆದ ಕೂಡಲೇ ತೆರೆಯ ಮೇಲೆ ಜೋಡಿಗಳೆಲ್ಲ ಒಡೆದುಹೋದವು. ಲೋಟ ಒಂಟಿ, ಪದದ ಎದುರಿಗೆ ಬೀಗ. ಅಷ್ಟರಲ್ಲಿ ಒಳಗಿನಿಂದ ಅತ್ತಿಗೆ ಕೂಗಿದರು. ಅತ್ತಿಗೆ ಅಂದರೆ ಅವರ ಅಕ್ಕ, ನನ್ನ ಕೈ ಹಗುರ ಮಾಡಲು ಬಂದು ಉಳಿದುಕೊಂಡವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಾಯಿ ಮಾತ್ರ ಚುರುಕು. "ಬಾರೇ ಇಲ್ಲಿ, ಇವ್ನು ಮಂಚದಿಂದ ಜಾರ್ತಾ ಇದಾನೆ!" ನಾನು ಎದ್ದೆ. ಏಳುವ ಮೊದಲು, ತಲೆ ಚಿಟ್ಟು ಹಿಡಿದು, ಪುಸ್ತಕದ ನೋಟ ತೆಗೆದು ಎರಡು ಪುಟ ಅಕ್ಕಪಕ್ಕದ ನೋಟಕ್ಕೆ ಬದಲಿಸಿದೆ. ಲೋಟದ ಪಕ್ಕಕ್ಕೆ ಲೋಟ ಬಂತು, ಬೀಗದ ಪಕ್ಕಕ್ಕೆ ಬೀಗ. ನೋಡಲು ಮುದ್ದಾಗಿತ್ತು. ಕಳಿಸು ಎಂದು ಒತ್ತಿ ಒಳಗೆ ಓಡಿದೆ.

ಪುಸ್ತಕ ಸರಿಮಾಡುವ ಬದಲು ನಾನು ನೋಟ ಸರಿಮಾಡಿಕೊಂಡಿದ್ದೆ. ಅದು ಆಗ ತಲೆಗೆ ಹೋಗಲೇ ಇಲ್ಲ. ಮರುದಿನ ಗಟ್ಟಿ ರಟ್ಟಿನ ಪುಸ್ತಕ ಬಂದಾಗ ಮಸಿ ಹರಡಿದೆಯೇ, ಅಂಟು ಹಿಡಿದಿದೆಯೇ ಎಂದು ನಮ್ಮ ಕಸುಬಿನವರು ಮಾಡುವ ಹಾಗೆ ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಜಾರಿಸಿದೆ, ಅಷ್ಟೆ. ಓದಿ ನೋಡುವುದು ನನ್ನ ಕೆಲಸವಾಗಿರಲಿಲ್ಲವಲ್ಲ. ಓದಿ ನೋಡುವವರಿಗಾಗಿಯೇ ಆ ಪುಸ್ತಕ ಮಾಡಿದ್ದು.

ಮೊದಲ ದಿನ ಮಿಂದು ಬಂದು ಅವರ ಎದುರು ಕೂತೆ. ರಟ್ಟು ತೆರೆದು ಅವರ ಕಡೆ ಹಿಡಿದು, "ಲೋಟ. ಲೋಟದ ಚಿತ್ರ ತೋರಿಸಿ" ಎಂದೆ. ಎಡಗೈಯ ಬೆರಳು ನಡುಗುತ್ತ ಬಂದು ಬಲಗಡೆಯ ಪುಟಕ್ಕೆ ತಾಗಿತು. ಬಲಗಡೆ ಇರುವುದು ಪದ ಅಲ್ಲವೇ. "ಸರಿ, ಪದ ತೋರಿಸಿ" ಎಂದೆ. ಅವರು ಹಾಳೆಯ ಅಂಚು ಹಿಡಿದು ತಿರುವಲು ನೋಡಿದರು. ನಾನು ಬೆರಳು ಅಡ್ಡ ಇಟ್ಟು ಬಿಗಿಯಾಗಿ ಹಿಡಿದೆ. "ತಿರುಗಿಸ್ಬಾರ್ದು ರೀ." ಮುಂದಿನದಕ್ಕೂ ಹಾಗೆಯೇ. ಚಿತ್ರ ಎಂದರೆ ಬಲಕ್ಕೆ ಬೆರಳು. ಪದ ಎಂದರೆ ಹಾಳೆಗೆ ಕೈ. ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪು.

ಎರಡನೆಯ ದಿನ ಸೊನ್ನೆ. ಮೂರನೆಯ ದಿನ ಸೊನ್ನೆ. ಟೀಚರ್ ಕೊಟ್ಟ ಹಾಳೆಯಲ್ಲಿ ಷರಾ ಬರೆಯುವ ಒಂದು ಕಾಲಂ ಇತ್ತು. 'ಚಿತ್ರಕ್ಕೂ ಪದಕ್ಕೂ ವ್ಯತ್ಯಾಸ ಗೊತ್ತಾಗುತ್ತಿಲ್ಲ' ಎಂದು ಬರೆದೆ. 'ಹಾಳೆ ಹರಿಯಲು ನೋಡುತ್ತಾರೆ' ಎಂದು ಬರೆದೆ. ನಾಲ್ಕನೆಯ ದಿನ ಅವರು ಎಡಗೈಯಿಂದ ಪುಸ್ತಕವನ್ನು ತಳ್ಳಿದರು. ಐದನೆಯ ದಿನ ಅದನ್ನು ನೋಡುತ್ತಲೇ 'ಆ, ಆ' ಎಂದು ತಲೆಯನ್ನು ಜೋರಾಗಿ ಆಡಿಸಿದರು, ಕುತ್ತಿಗೆಯ ನರ ಉಬ್ಬುವಷ್ಟು.

ಎಡಗೈಗೆ ಅಭ್ಯಾಸವಾಗಲಿ ಎಂದು ಅತ್ತಿಗೆ ಅವರಿಗೆ ಒಂದು ಪೆನ್ಸಿಲು ಕೊಟ್ಟಿದ್ದರು. ಏಳನೆಯ ದಿನ ಅತ್ತಿಗೆ, "ನಿನ್ನ ಪುಸ್ತಕದ ತುಂಬ ಎರೆಹುಳ ಹರಿದಾಡಿದ ಹಾಗೆ ಗೀಚಿಟ್ಟಿದಾನೆ ನೋಡೇ. ನನ್ನ ಮಬ್ಬು ಕಣ್ಣಿಗೇ ಕಾಣ್ತಿದೆ" ಎಂದರು. ನನಗೆ ತೆರೆದು ನೋಡುವ ಮನಸ್ಸೂ ಆಗಲಿಲ್ಲ. 'ಪುಟದ ಮೇಲೆ ಅರ್ಥವಿಲ್ಲದೆ ಗೀಚುತ್ತಾರೆ' ಎಂದು ಷರಾ ಬರೆದೆ.

"ಅವ್ನು ಚಿಕ್ಕಂದಿನಿಂದ್ಲೂ ಹೀಗೇ ಕಣೇ" ಎಂದರು ಅತ್ತಿಗೆ, ತಮ್ಮನ ತಲೆ ಬಾಚುತ್ತ. "ಅಂಗಿ ಗುಂಡಿ ಒಂದು ಮನೆ ಆಚೀಚೆ ಆಗಿದ್ರೆ ಶಾಲೆಗೆ ಹೆಜ್ಜೆ ಇಡ್ತಿರ್ಲಿಲ್ಲ."

"ಅತ್ತಿಗೆ, ಗುಂಡಿ ಹಾಕೋ ಬುದ್ಧಿ ಈಗ ಎಲ್ಲಿದೆ? ಸುಮ್ನಿರಿ" ಎಂದು ಸಿಡುಕಿದೆ.

ಮುಂದಿನ ಕೋಣೆಯ ಅಂಗಡಿಯ ಬಾಗಿಲು ತೆಗೆದಿರುತ್ತಿದ್ದೆ, ಆದರೆ ಕೆಲಸ ಓಡುತ್ತಿರಲಿಲ್ಲ. ಕವಿಯೊಬ್ಬರ ಪುಸ್ತಕದ ಪ್ರೂಫ್ ಪಕ್ಕದ ಮೇಜಿನ ಮೇಲೆ ಎರಡು ತಿಂಗಳಿಂದ ಹಾಗೇ ಇತ್ತು. ಅದರ ಮೇಲೆ ಕೆಂಪು ಪೆನ್ನು, ಮುಚ್ಚಳ ತೆರೆದೇ ಬಿಟ್ಟದ್ದು. ಒಂದು ದಿನ ಮುಚ್ಚಳ ಹಾಕಲು ಹೋದೆ, ಮಸಿ ಒಣಗಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ನನಗೆ ಬೇಕಾದದ್ದು ಅವರ ಮಾತಲ್ಲ, ಅವರು ಮೊದಲೂ ಹೆಚ್ಚು ಮಾತಾಡಿದವರಲ್ಲ. ಆ ಕಣ್ಣುಗಳ ಹಿಂದೆ ಅವರು ಇದ್ದಾರೆ ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು.

ಹತ್ತನೆಯ ದಿನ ಗುರುವಾರ. ಶುಕ್ರವಾರ ಬೆಳಿಗ್ಗೆ ಹಾಳೆ ಕೊಡಬೇಕು. ಒಂದೇ ಒಂದು ಅಂಕ ಬಂದರೂ ಟೀಚರ್ ಕಾಲು ಹಿಡಿಯೋಣ ಎಂದುಕೊಂಡು ಮಧ್ಯಾಹ್ನ ಕೂತೆ. "ರೀ, ದಮ್ಮಯ್ಯ ಅಂತೀನಿ. ಲೋಟ ತೋರಿಸಿ. ಒಂದೇ ಒಂದು ಸಲ." ಅವರು ನನ್ನನ್ನು ನೋಡಿದರು, ಪುಸ್ತಕವನ್ನು ನೋಡಿದರು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಎಡಗೈಯಿಂದ ಅದನ್ನು ಕಿತ್ತು ಎಸೆದರು. ರಟ್ಟಿನ ಮೂಲೆ ನನ್ನ ಹುಬ್ಬಿಗೆ ಬಡಿಯಿತು.

ನನಗೆ ಕಣ್ಣು ಕತ್ತಲಿಟ್ಟಿತು. ನೋವಿಗಲ್ಲ. "ನಿಮ್ಮೊಳಗೆ ಯಾರೂ ಇಲ್ಲ ರೀ" ಎಂದು ಕಿರುಚಿದೆ. "ಯಾರೂ ಇಲ್ಲ! ಆವತ್ತು ಬಚ್ಚಲಲ್ಲೇ ಮುಗಿದು ಹೋಗಿದ್ರೆ ಇಬ್ರಿಗೂ ಬಿಡುಗಡೆ ಆಗ್ತಿತ್ತು!"

ಅತ್ತಿಗೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಅಭ್ಯಾಸ ಬಲದಿಂದ ನಮ್ಮವರ ಬಲಗೈ ನೋಡಿದೆ. ಬಾಲ ಎಳೆಯಬೇಕಾದ ಬೆರಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅದನ್ನೂ ನಾನು ಅರ್ಥವಾಗದ್ದಕ್ಕೇ ಸೇರಿಸಿದೆ.

ಶುಕ್ರವಾರ ಟೀಚರ್ ಹತ್ತು ಸೊನ್ನೆಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದಳು. ಷರಾಗಳನ್ನೂ ಓದಿದಳು. "ಪುಸ್ತಕ ತಂದಿದೀರಾ ಅಮ್ಮ?" ಎಂದು ಕೇಳಿದಳು. "ಇಲ್ಲ, ಎಸೆದುಬಿಟ್ರು" ಎಂದೆ. ಅದು ಮಂಚದ ಕೆಳಗೆ ಬಿದ್ದಲ್ಲೇ ಬಿದ್ದಿತ್ತು. ಹೊರಗೆ ಬೆಂಚಿನ ಮೇಲೆ ಒಬ್ಬಳು ತನ್ನ ತಂದೆಯ ಕೈ ಹಿಡಿದು ಕೂತಿದ್ದಳು. ಆ ಮುದುಕರು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು.

"ಅವ್ರು ಕಾಯ್ತಾ ಇದಾರೆ" ಎಂದಳು ಟೀಚರ್. "ನಿಮ್ದು ಮುಂದಿನ ಸರದಿಗೆ ನೋಡೋಣ, ನಾಲ್ಕು ತಿಂಗಳಾಗುತ್ತೆ. ಇಲ್ಲಿ ಒಂದು ಸಹಿ ಹಾಕಿ." ಜಾಗ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿತ್ತಂತೆ. ನಾನು ಓದದೆ ಸಹಿ ಹಾಕಿದೆ.

ಮನೆಗೆ ಬಂದು ಚಪ್ಪಲಿ ಸಹ ಕಳಚದೆ ಅವರ ಕೋಣೆಗೆ ಹೋದೆ. ಎದುರು ಕೂರುವುದಕ್ಕೆ ಇನ್ನು ಕಾರಣವಿರಲಿಲ್ಲ. ಮೊದಲ ಸಲ ಮಂಚದ ಮೇಲೆ ಅವರ ಪಕ್ಕಕ್ಕೆ, ಭುಜಕ್ಕೆ ಭುಜ ತಾಗುವ ಹಾಗೆ ಕೂತೆ. ಕಾಲಿಗೆ ಪುಸ್ತಕ ತಾಗಿತು. ಅಟ್ಟಕ್ಕೆ ಎಸೆಯೋಣ ಎಂದು ಎತ್ತಿಕೊಂಡೆ. ಅವರು ಎಡಗೈ ಚಾಚಿ ಅದನ್ನು ಸೆಳೆದು ನಮ್ಮಿಬ್ಬರ ತೊಡೆಗಳ ಮೇಲೆ ಇಟ್ಟು ತೆರೆದರು.

ಬಲಗಡೆ ಲೋಟದ ಚಿತ್ರ. ಎಡಗಡೆ ಬರಿಯ ರಟ್ಟು. ಅವರು ಬೆರಳಿನಿಂದ ಲೋಟ ಮುಟ್ಟಿದರು. ಹಾಳೆಯ ಅಂಚು ಹಿಡಿದರು. ಈ ಸಲ ನಾನು ತಡೆಯಲಿಲ್ಲ. ಹಾಳೆ ತಿರುಗಿತು. ಅದರ ಬೆನ್ನಿಗೆ 'ಲೋಟ' ಎಂದು ನಾನೇ ಟೈಪ್ ಮಾಡಿದ ದಪ್ಪಕ್ಷರ. ಅವರು ಅದನ್ನು ಮುಟ್ಟಿ ನನ್ನ ಮುಖ ನೋಡಿದರು. ಪದದ ಎದುರಿಗೆ, ಬಲಗಡೆ, ಬೀಗದ ಚಿತ್ರ. ಎರಡರ ನಡುವೆ, ಪುಟಗಳು ಕೂಡುವ ಮಡಿಕೆಯ ಮೇಲೆ ಹಾದು, ಪೆನ್ಸಿಲಿನ ಒಂದು ಬಳುಕು ಗೆರೆ.

ಹಾವು.

ಮುಂದಿನ ಪುಟ ತಿರುಗಿಸಿದೆ. ಎಡಗಡೆ 'ಬೀಗ', ಬಲಗಡೆ ಕನ್ನಡಕ, ನಡುವೆ ಹಾವು. ಮುಂದಿನದಕ್ಕೂ ಹಾವು. ಎಡಗೈಯ ಹಾವುಗಳು, ಸೊಟ್ಟಪಟ್ಟ, ಕೆಲವು ಕಡೆ ಹಾಳೆ ತೂತಾಗುವಷ್ಟು ಒತ್ತಿ ಎಳೆದವು. ಒಂದು ಜೋಡಿಯನ್ನೂ ಬಿಟ್ಟಿರಲಿಲ್ಲ. ಕೊನೆಯ ಪುಟದಲ್ಲಿ 'ಹೆಂಡತಿ' ಎಂಬ ಪದದ ಎದುರಿಗೆ ಏನೂ ಇರಲಿಲ್ಲ, ಬೋಳು ರಟ್ಟು. ಅಲ್ಲಿಯೂ ಒಂದು ಹಾವು, ರಟ್ಟಿನ ತುದಿಯ ತನಕ ಹುಡುಕಿಕೊಂಡು ಹೋಗಿತ್ತು.

ಹತ್ತು ದಿನ ಅವರು ಪ್ರೂಫ್ ನೋಡಿದ್ದರು. ಹತ್ತು ದಿನವೂ ತಪ್ಪು ಎತ್ತಿ ತೋರಿಸಿದ್ದರು. ನಾನು ಪ್ರತಿ ದಿನ ಸೊನ್ನೆ ಹಾಕಿದ್ದೆ.

ಫೋನ್ ಹಚ್ಚಿದೆ. ಟೀಚರಿಗೆ ಹೇಗೆ ಹೇಳಿದೆನೋ ತಿಳಿಯದು, ಪುಟ, ಬಲಗಡೆ, ಹಾವು ಎಂದೆಲ್ಲ ತೊದಲಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅವಳೂ ಅತ್ತಳೆಂದು ಕಾಣುತ್ತದೆ. "ಅಮ್ಮ, ಹನ್ನೊಂದು ಗಂಟೆಗೇ ಆ ಅಜ್ಜನಿಗೆ ಜಾಗ ಕೊಟ್ಟಾಯ್ತು. ಈಗ ಹೋಗಿ ಅಂತ ಹೇಗೆ ಹೇಳ್ಲಿ? ನೀವೇ ಸಹಿ ಮಾಡಿದೀರಲ್ಲ." ಫೋನ್ ಇಡುವ ಮೊದಲು, "ಮನೇಲೇ ಶುರು ಮಾಡಿ. ನಾನು ಫೋನಲ್ಲಿ ಹೇಳ್ಕೊಡ್ತೀನಿ. ಅದು ಇಲ್ಲಿ ಬಂದ ಹಾಗೆ ಆಗಲ್ಲ, ಆದ್ರೂ" ಎಂದಳು.

ಮುಂದಿನ ಕೋಣೆಗೆ ಹೋಗಿ ಕಂಪ್ಯೂಟರು ಹಾಕಿದೆ. ಪುಸ್ತಕದ ಹಾಗೆ ನೋಡು ಎನ್ನುವುದನ್ನು ಒತ್ತಿದೆ. ಲೋಟ ಬಲಗಡೆಗೆ ಸರಿದು ಒಂಟಿಯಾಗಿ ನಿಂತಿತು. ಕೆಳಗೆ ಇಡೀ ಮನೆಯ ಸಾಮಾನುಗಳು ತಮ್ಮ ತಮ್ಮ ಹೆಸರಿಗೆ ಬೆನ್ನು ಹಾಕಿದ್ದವು. ಶುರುವಿಗೆ ಒಂದು ಖಾಲಿ ಪುಟ ಸೇರಿಸಿದೆ. ಒಂದೇ ಒಂದು ಖಾಲಿ ಪುಟ. ಎಲ್ಲವೂ ಒಂದು ಹೆಜ್ಜೆ ಸರಿದು ಜೋಡಿಯಾದವು. ಕಣ್ಣು ಮಿಟುಕಿಸುವಷ್ಟರ ಕೆಲಸ.

ಖುಷಿ ಪಡಬೇಕಾದವಳು ನಾನು ಆಗಲೇ ತಣ್ಣಗಾದದ್ದು. ಅವರು ಒಳಗೆ ಇದ್ದಾರೆ. ಪೂರ್ತಿಯಾಗಿ ಇದ್ದಾರೆ. ಹಾಗಾದರೆ ನಿನ್ನೆಯ ಮಾತನ್ನೂ ಕೇಳಿದ್ದಾರೆ. ಒಂದಕ್ಷರ ಬಿಡದೆ ಅರ್ಥ ಮಾಡಿಕೊಂಡಿದ್ದಾರೆ, ಗೋಡೆಗೆ ಮುಖ ತಿರುಗಿಸಿದ್ದು ಅದಕ್ಕೇ. ಇಡೀ ರಾತ್ರಿ ಆ ಮಾತಿನ ಜತೆ ಒಬ್ಬರೇ ಮಲಗಿದ್ದಾರೆ, ಎದುರು ಹೇಳಲು ಬಾಯಿಲ್ಲದೆ, ಅಳಿಸಲು ಬೆರಳಿಲ್ಲದೆ.

ಮತ್ತೆ ಒಳಗೆ ಹೋಗಿ ಪಕ್ಕಕ್ಕೇ ಕೂತೆ. ನನ್ನ ಹುಬ್ಬಿನ ಮೇಲಿನ ಗಾಯಕ್ಕೆ ಅತ್ತಿಗೆ ಹಚ್ಚಿದ್ದ ಪಟ್ಟಿಯನ್ನು ಅವರು ನೋಡುತ್ತಿದ್ದರು.

"ನಿನ್ನೆ ನಾನು ಅಂದದ್ದು" ಎಂದೆ. "ಕೇಳಿಸ್ತು ಅಲ್ವಾ ರೀ? ಅರ್ಥ ಆಯ್ತು ಅಲ್ವಾ?"

ಅವರು ತಲೆಯಾಡಿಸಿದರು. ಒಂದೇ ಸಲ, ಹೌದು ಎಂದು. ಎಡಗಣ್ಣಿನ ನೀರು ಮೂಗಿನ ಪಕ್ಕದಲ್ಲಿ ಇಳಿಯಿತು. ಒರೆಸಲು ನನಗೆ ಕೈ ಬರಲಿಲ್ಲ. ಆ ಹಕ್ಕು ನನಗಿದೆಯೇ ಎಂದು ತಿಳಿಯಲಿಲ್ಲ.

ಅವರು ಎಡಗೈ ಎತ್ತಿದರು. ತೋರುಬೆರಳು ಗಾಳಿಯಲ್ಲಿ ಅಡ್ಡಕ್ಕೆ ಒಂದು ಗೆರೆ ಎಳೆಯಲು ಹೊರಟು ನಡುವೆ ಸೋತು ತೊಡೆಯ ಮೇಲೆ ಬಿತ್ತು. ಮತ್ತೆ ಎತ್ತಿದರು. ಗೆರೆ ಮುಗಿಯಿತು, ತುದಿಯಲ್ಲಿ ಬೆರಳು ಸುತ್ತಿತು. ಬಲಗೈಯ ಬಾಲ ಬಲಕ್ಕೆ ಸುತ್ತುತ್ತಿತ್ತು, ಇದು ಎಡಕ್ಕೆ. ಅದಕ್ಕೇ ಗುರುತು ಹಿಡಿಯಲು ನನಗೆ ಒಂದು ಕ್ಷಣ ಬೇಕಾಯಿತು.

ಪ್ರೂಫಿನಲ್ಲಿ ಬಾಲ ಹಾಕಿದ ಮಾತು ಅಳಿಸಿಹೋಗುವುದಿಲ್ಲ, ಕೆಂಪು ಗೆರೆಯ ಕೆಳಗೆ ಓದಲು ಸಿಗುತ್ತಲೇ ಇರುತ್ತದೆ. ಇಪ್ಪತ್ತಾರು ವರ್ಷ ಅಂಥ ಹಾಳೆಗಳನ್ನು ನೋಡಿದವಳಿಗೆ ಅದು ಗೊತ್ತು. ನಾನು ಅವರ ಭುಜಕ್ಕೆ ಹಣೆ ಒತ್ತಿ ಜೋರಾಗಿ ಅತ್ತೆ. ಅಡುಗೆಮನೆಯಿಂದ ಅತ್ತಿಗೆ, "ಈಗೇನಾಯ್ತೇ?" ಎಂದು ಕೂಗಿದರು.

ಪುಸ್ತಕ ಇನ್ನೂ ತೊಡೆಯ ಮೇಲೆ ತೆರೆದೇ ಇತ್ತು. ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿ ಕೊನೆಗೆ ಬಂದರು. ನನ್ನ ಫೋಟೋ ಮುಟ್ಟಿದರು, ಹಾಳೆ ಮಗುಚಿ 'ಹೆಂಡತಿ' ಎಂಬ ಪದ ಮುಟ್ಟಿದರು. ಹಾಸಿಗೆಯ ಮೇಲೆ ಪೆನ್ಸಿಲು ತಡಕಿದರು. ನಾನು ಕೊಟ್ಟೆ. ಆ ಪದದ ಮೇಲೂ ಅವರು ಗೆರೆ ಎಳೆದು ಒಂದು ಬಾಲ ಸುತ್ತಿದರು.

ಅವರು ಅದರ ಪಕ್ಕದಲ್ಲಿ, ತಿದ್ದಿದ ಮೇಲೆ ಸರಿಯಾದದ್ದನ್ನು ಬರೆಯುವ ಜಾಗದಲ್ಲಿ, ಪೆನ್ಸಿಲು ಊರಿದರು. ಒಂದೊಂದು ಅಕ್ಷರಕ್ಕೂ ಉಸಿರು ಕಟ್ಟಿ ಬಿಡುತ್ತ ಎಷ್ಟೋ ಹೊತ್ತು ಬರೆದರು. ಮಗು ಬರೆದಂಥ ಸೊಟ್ಟಕ್ಷರ. ಪೂರ್ತಿಯಾಗಲೂ ಇಲ್ಲ. 'ನೋಡಿ' ಎಂಬಲ್ಲಿಗೆ, ಇನ್ನೂ 'ಲ್ಲಿ' ಬಾಕಿ ಇರುವಾಗಲೇ, ಪೆನ್ಸಿಲು ಕೈಜಾರಿತು.

ಮುಂದಿನ ಸರದಿಗೆ ಇನ್ನೂ ನಾಲ್ಕು ತಿಂಗಳಿತ್ತು. ನಾನು ಪೆನ್ಸಿಲು ಎತ್ತಿ ಮತ್ತೆ ಅವರ ಎಡಗೈಗೆ ಕೊಟ್ಟೆ.